ಲಂಡನ್ನಿನ ಕ್ರಿಸ್‌ಮಸ್ ಊಟ: ದರಕ್ಕಿಂತ ಮೊದಲು ದೂರ ನೋಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಲಂಡನ್ನಿನಲ್ಲಿ ನೆಲೆಸಿರುವ ಮಗನ ಅಥವಾ ಮಗಳ ಮನೆಗೆ ಹೊರಡುವ ತಂದೆತಾಯಂದಿರು ನಮ್ಮ ಬಡಾವಣೆಯಲ್ಲಿಯೇ ಹಲವರಿದ್ದಾರೆ. ಅವರನ್ನು ಕ್ರಿಸ್‌ಮಸ್ ದಿನ ಹೊರಗಡೆ ಊಟಕ್ಕೆ ಕರೆದೊಯ್ಯಬೇಕೆಂಬ ಆಸೆ ಮಕ್ಕಳಿಗೂ ಇರುತ್ತದೆ. ಆದರೆ ಜಾಗವನ್ನು ಆರಿಸುವಾಗ ಬಹುತೇಕರು ಮೊಬೈಲಿನಲ್ಲಿ ಫೋಟೊ ಮತ್ತು ದರ ನೋಡಿ ಮುಂಗಡ ಕಟ್ಟಿಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಮನೆಯಿಂದ ಇರುವ ದೂರ, ಅನಂತರ ಅಡುಗೆಗೆ ಬಳಸುವ ಕೊಬ್ಬು. ದರದ ಮಾತು ಕಡೆಯದು.

ಡಿಸೆಂಬರ್ 25ರಂದು ಲಂಡನ್ನಿನಲ್ಲಿ ಭೂಗತ ರೈಲು ಓಡುವುದಿಲ್ಲ, ನಗರದ ಬಸ್ಸುಗಳೂ ಓಡುವುದಿಲ್ಲ. ಪರ ಊರುಗಳ ರೈಲುಗಳೂ ಹೆಚ್ಚುಕಡಿಮೆ ಪೂರ್ತಿ ನಿಂತಿರುತ್ತವೆ. ಯುಗಾದಿ, ದೀಪಾವಳಿಗೆ ಹೆಚ್ಚುವರಿ ಬಸ್ ಬಿಡುವುದನ್ನು ನೋಡಿ ಬೆಳೆದ ನಮಗೆ ಇದು ಮೊದಲಿಗೆ ನಂಬಿಕೆಯೇ ಬರುವುದಿಲ್ಲ. ಟ್ಯಾಕ್ಸಿ ಸಿಗುತ್ತದೆ, ಹಬ್ಬದ ದಿನದ ಬಾಡಿಗೆಗೆ. 2004ರ ಕಾಯ್ದೆಯೊಂದರ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು ಅಂದು ಬಾಗಿಲು ತೆರೆಯುವಂತಿಲ್ಲವಾದ್ದರಿಂದ, ಹೋಟೆಲಿನ ಏರ್ಪಾಡು ಕೈಕೊಟ್ಟರೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದು ಅಡುಗೆ ಮಾಡೋಣವೆಂದರೂ ಆಗುವುದಿಲ್ಲ. ಊಟವಾಗುವುದು ಮಧ್ಯಾಹ್ನ, ಎದ್ದು ಹೊರಗೆ ಬರುವ ಹೊತ್ತಿಗೆ, ಅಂದರೆ ನಾಲ್ಕು ಗಂಟೆಗೆ ಮುಂಚೆಯೇ, ಸೂರ್ಯ ಮುಳುಗಿರುತ್ತಾನೆ. ಮಂಡಿನೋವಿನ ಹಿರಿಯರೊಂದಿಗೆ ಹೊರಡುವವರು ನಡೆದು ಹೋಗಿ ನಡೆದು ಬರಬಹುದಾದ ಪಬ್ಬನ್ನೋ ಹೋಟೆಲನ್ನೋ ಆರಿಸುವುದು ಒಳಿತು, ಅದು ಎಷ್ಟೇ ಸಾಧಾರಣವಾಗಿದ್ದರೂ ಸರಿಯೆ.

ಇನ್ನು ಸಸ್ಯಾಹಾರಿಗಳ ಪ್ರಶ್ನೆ. ಅಲ್ಲಿಯ ಕ್ರಿಸ್‌ಮಸ್ ಊಟವೆಂದರೆ ಟರ್ಕಿ ಕೋಳಿ ಎಂದಷ್ಟೇ ತಿಳಿದವರು, ಅದನ್ನು ಬಿಟ್ಟು ಉಳಿದದ್ದನ್ನು ತಿಂದರಾಯಿತು ಎಂದುಕೊಳ್ಳುತ್ತಾರೆ. ಆದರೆ ಹೊಂಬಣ್ಣಕ್ಕೆ ಗರಿಗರಿಯಾಗಿ ಹುರಿದ ಆ ಆಲೂಗಡ್ಡೆ ಎಷ್ಟೋ ಅಡುಗೆಮನೆಗಳಲ್ಲಿ ಬೇಯುವುದು ಹೆಬ್ಬಾತಿನ ಅಥವಾ ದನದ ಕೊಬ್ಬಿನಲ್ಲಿ. ಪುಟ್ಟ ಕೋಸಿಗೆ ಹಂದಿಮಾಂಸದ ಚೂರು ಬೆರೆಸುವುದುಂಟು. ಮೇಲೆ ಸುರಿಯುವ ಗ್ರೇವಿ ಮಾಂಸದ ರಸದ್ದು. ಎಲ್ಲಕ್ಕಿಂತ ಹೆಚ್ಚಾಗಿ, ಒಣದ್ರಾಕ್ಷಿ ತುಂಬಿದ, ಬ್ರಾಂದಿ ಸುರಿದು ನೀಲಿ ಜ್ವಾಲೆ ಎಬ್ಬಿಸಿ ತಂದಿಡುವ ಕಪ್ಪು ಪುಡಿಂಗಿನಲ್ಲಿ ಸಾಂಪ್ರದಾಯಿಕವಾಗಿ ಇರುವುದು ಸೂಯೆಟ್, ಅಂದರೆ ದನದ ಮೂತ್ರಪಿಂಡದ ಸುತ್ತಲಿನ ಗಟ್ಟಿ ಕೊಬ್ಬು. ಸಿಹಿತಿಂಡಿಯಲ್ಲಿ ಮಾಂಸದ ಅಂಶವಿರಬಹುದೆಂದು ನಮ್ಮವರಿಗೆ ಹೊಳೆಯುವುದೇ ಇಲ್ಲ.

ಹೋಟೆಲಿನವರು ಒದಗಿಸುವ ಅಲರ್ಜಿ ಪಟ್ಟಿಯೂ ಇಲ್ಲಿ ನೆರವಿಗೆ ಬಾರದು. ಅಲ್ಲಿಯ ಕಾನೂನು ಹೆಸರಿಸಿರುವ 14 ಪದಾರ್ಥಗಳಲ್ಲಿ ಹಾಲು, ಮೊಟ್ಟೆ, ಎಳ್ಳು, ಸಾಸಿವೆ ಎಲ್ಲವೂ ಇವೆ, ಸೂಯೆಟ್ ಇಲ್ಲ. ಆದ್ದರಿಂದ ಮುಂಗಡ ಕಟ್ಟುವ ಮೊದಲು ದೂರವಾಣಿಯಲ್ಲಿ ನೇರವಾಗಿ ವಿಚಾರಿಸಬೇಕು: ಆಲೂಗಡ್ಡೆಯನ್ನು ಯಾವ ಜಿಡ್ಡಿನಲ್ಲಿ ಹುರಿಯುತ್ತೀರಿ, ಸಸ್ಯಾಹಾರಿಗಳಿಗೆ ಬೇರೆ ತಟ್ಟೆಯಲ್ಲಿ ಬೇಯಿಸುತ್ತೀರಾ, ಪುಡಿಂಗಿಗೆ ಹಾಕಿರುವುದು ಸಸ್ಯಜನ್ಯ ಕೊಬ್ಬೇ? ಅಲ್ಲಿ ಮೊಟ್ಟೆಯೂ ಸಸ್ಯಾಹಾರದಲ್ಲೇ ಸೇರುವುದರಿಂದ, ಮೊಟ್ಟೆ ಮುಟ್ಟದವರು ವೀಗನ್ ಊಟವನ್ನೇ, ಅಂದರೆ ಹಾಲು, ಮೊಟ್ಟೆ ಸೇರಿದಂತೆ ಪ್ರಾಣಿಜನ್ಯವಾದದ್ದು ಏನೂ ಇಲ್ಲದ ಊಟವನ್ನೇ, ಹೇಳುವುದು ಸುರಕ್ಷಿತ. ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಮಾತ್ರ ಮನೆಯ ಅಡುಗೆಯೇ ಗತಿ. ಅನೇಕ ಕಡೆಗಳಲ್ಲಿ ಯಾರಿಗೆ ಏನು ಬೇಕೆಂಬುದನ್ನು ವಾರಗಳ ಮೊದಲೇ ಬರೆದುಕೊಡಬೇಕಾಗುವುದರಿಂದ, ಮಕ್ಕಳು ತಾವೇ ಊಹಿಸಿ ಗುರುತು ಹಾಕುವ ಬದಲು ಊರಿಗೊಂದು ಕರೆ ಮಾಡಿ ತಂದೆತಾಯಿಯನ್ನು ಕೇಳಲಿ.

ದರದ ವಿಷಯದಲ್ಲಿ ಒಂದು ಸಮಾಧಾನವಿದೆ. ಪಟ್ಟಿಯಲ್ಲಿ ಅಚ್ಚಾದ ಬೆಲೆಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಬಿಲ್ಲಿಗೆ ಸಾಮಾನ್ಯವಾಗಿ ಶೇ 12.5ರಷ್ಟು ಸೇವಾ ಶುಲ್ಕ ಸೇರಿಸುತ್ತಾರೆ; ಐಚ್ಛಿಕವೆಂದು ನಮೂದಿಸಿದ್ದರೆ ಅದನ್ನು ತೆಗೆಸಲು ಅವಕಾಶವಿದೆ. ಹಾಗೆಂದು ತೆಗೆಸಬೇಕೆಂದು ನಾನು ಹೇಳಲಾರೆ. 2024ರ ಅಕ್ಟೋಬರಿನಿಂದ ಜಾರಿಯಲ್ಲಿರುವ ಕಾನೂನಿನಂತೆ ಆ ಹಣ ಮಾಲೀಕರ ಪಾಲಾಗದೆ ಕೆಲಸಗಾರರಿಗೇ ಸೇರಬೇಕು. ಬಸ್ಸೂ ಇಲ್ಲದ ದಿನ ಹೇಗೋ ಬಂದು ಬಡಿಸಿದವರಿಗೆ ಅಷ್ಟು ಸಲ್ಲುವುದು ನ್ಯಾಯವೇ.

ಆ ದಿನವೇ ಆಗಬೇಕೆಂಬ ಹಟವಿಲ್ಲದವರಿಗೆ ಇನ್ನೊಂದು ದಾರಿಯೂ ಇದೆ. ಅಲ್ಲಿಯ ಅನೇಕ ಪಬ್ಬುಗಳು ಡಿಸೆಂಬರ್ ತಿಂಗಳಿಡೀ ಕ್ರಿಸ್‌ಮಸ್ ಊಟವನ್ನು ಬಡಿಸುತ್ತವೆ, ಅದೂ ಸಾಮಾನ್ಯವಾಗಿ 25ರ ದರಕ್ಕಿಂತ ಕಡಿಮೆಗೆ. ಪಟಾಕಿಯಂತೆ ಚಟ್ ಎನ್ನುವ ಕಾಗದದ ಸುರುಳಿಯನ್ನು ಇಬ್ಬರು ಎರಡೂ ತುದಿ ಹಿಡಿದು ಎಳೆಯುವುದು, ಅದರೊಳಗಿನ ಕಾಗದದ ಕಿರೀಟವನ್ನು ಮಂಕಿಕ್ಯಾಪಿನ ಮೇಲೆಯೇ ಏರಿಸಿಕೊಂಡು ಅಜ್ಜಂದಿರು ಗಂಭೀರವಾಗಿ ಕೂರುವುದು, ಎಲ್ಲವೂ ಅಲ್ಲಿಯೂ ಉಂಟು. 20ರ ಆಸುಪಾಸಿನ ಒಂದು ಮಧ್ಯಾಹ್ನ ಇದನ್ನು ಮುಗಿಸಿಕೊಂಡರೆ ಮನೆಗೆ ಮರಳಲು ರೈಲೂ ಇರುತ್ತದೆ. 25ರಂದು ಮನೆಯಲ್ಲೇ ಬಿಸಿಬೇಳೆಬಾತ್ ಮಾಡಿಕೊಳ್ಳಬಹುದು. ಬೇಕಾದ ಸಾಮಾನನ್ನು ಮಾತ್ರ 24ರಂದೇ ತಂದಿಟ್ಟುಕೊಳ್ಳಬೇಕು.

ಇತಿ,
ನಿವೃತ್ತ ಬ್ಯಾಂಕ್ ನೌಕರ, ಮೈಸೂರು