ಕನ್ನಡಕ ಬಿಟ್ಟ ಗೆಳೆಯನಿಗೆ

ಪ್ರಿಯ ಗೆಳೆಯಾ,

ಕನ್ನಡಕವಿಲ್ಲದ ನಿನ್ನ ಫೋಟೊ ನೋಡಿದೆ. ಮೂಗಿನ ಮೇಲಿನ ಆ ಎರಡು ಗುರುತುಗಳೂ ಮಾಸಿವೆ. ಕನ್ನಡಕ ಬಿಡುವುದಿಲ್ಲವೆಂಬ ಮೂರನೇ ಬೆಂಚಿನ ಶಪಥವನ್ನು ಮುರಿದದ್ದು ನೀನೇ, ನೆನಪಿರಲಿ. ಎಲ್ಲರೂ ಓದುವ ಜಾಗದಲ್ಲಿ ಇದನ್ನು ಬರೆಯುತ್ತಿದ್ದೇನೆ. ನಮ್ಮಂಥ ದಪ್ಪ ಗಾಜಿನವರು ಇಲ್ಲಿ ಬಹಳ ಜನರಿದ್ದಾರೆ.

ಹೋದ ತಿಂಗಳು ಕತ್ತಲಲ್ಲಿ ಬಲಗಣ್ಣಿನ ಮೂಲೆಯಲ್ಲಿ ಮಿಂಚು ಹೊಳೆಯತೊಡಗಿತು. ಆಮೇಲೆ ತೇಲುವ ಕಪ್ಪು ಎಳೆಗಳು. ವೈದ್ಯರು ಡ್ರಾಪ್ಸ್ ಹಾಕಿ, ಪಾಪೆ ಅರಳಿದ ಮೇಲೆ ರೆಪ್ಪೆಯನ್ನು ಒತ್ತಿ ಬೆಳಕು ಬಿಟ್ಟರು. ಆ ಬೆಳಕಿನಲ್ಲಿ ನನಗೊಂದು ಬೋಳು ಮರ ಕಂಡಿತು, ಕೊಂಬೆ ಕೊಂಬೆಯಾಗಿ. ನನ್ನದೇ ಅಕ್ಷಿಪಟಲದ, ಅಂದರೆ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪರದೆಯ, ರಕ್ತನಾಳಗಳ ನೆರಳಂತೆ ಅದು. ಪಟಲದ ಅಂಚು ತೆಳುವಾಗಿ ಜಾಲರಿಯಂತೆ (ಲ್ಯಾಟಿಸ್) ಆಗಿದೆ, ಅದರಲ್ಲೊಂದು ರಂಧ್ರವಿದೆ ಎಂದರು. ಅಂದೇ ಸುತ್ತಲೂ ಲೇಸರ್ ಹಾಕಿದರು. 1920ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಜೂಲ್ ಗೊನಾಂ ರಂಧ್ರ ಮುಚ್ಚುವ ದಾರಿ ತೋರಿಸುವವರೆಗೆ, ಇಂಥ ರಂಧ್ರದಿಂದ ಪಟಲ ಕಳಚಿತೆಂದರೆ ಕಣ್ಣು ಹೋಯಿತೆಂದೇ ಲೆಕ್ಕವಾಗಿತ್ತು. ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಕಣ್ಣುಗುಡ್ಡೆ ಸಾಮಾನ್ಯವಾಗಿ ಸುಮಾರು 24 ಮಿಲಿಮೀಟರ್ ಉದ್ದ. ನನ್ನದು 27.5, ನನ್ನ ಕನ್ನಡಕದ ನಂಬರು ಮೈನಸ್ 9 ಆದದ್ದು ಅದರಿಂದಲೇ. ಗುಡ್ಡೆ ಉದ್ದವಾದಂತೆ ಒಳಗಿನ ಪಟಲವೂ ಹಿಗ್ಗಿ ತೆಳುವಾಗುತ್ತದೆ, ಅತಿಯಾಗಿ ತಟ್ಟಿದ ಅಕ್ಕಿರೊಟ್ಟಿಯ ಅಂಚಿನ ಹಾಗೆ. ಕನ್ನಡಕ ಬಿಡಿಸಲು ನಿನಗೆ ಮಾಡಿದ ಲೇಸರ್ ಸರಿಪಡಿಸಿದ್ದು ಕಣ್ಣಿನ ಮುಂದಿನ ಪಾರದರ್ಶಕ ಪೊರೆಯಾದ ಕಾರ್ನಿಯಾವನ್ನು ಮಾತ್ರ. ಹಿಂದಿನ ಪಟಲ ಇವತ್ತಿಗೂ ಮೈನಸ್ 7ರ ಪಟಲವೇ. ಪರೀಕ್ಷೆ ನಿಲ್ಲಿಸಬೇಡ. ಮಿಂಚು ಕಂಡರೆ, ಪರದೆ ಇಳಿದಂತೆ ನೆರಳು ಕವಿದರೆ ಅಂದೇ ಓಡು.

ನಾನು ಓಡಲಿಲ್ಲ. ಹನ್ನೊಂದು ದಿನ ಯಾರಿಗೂ ಹೇಳದೆ ಹೆದರಿ ಕೂತಿದ್ದೆ. ರಾತ್ರಿ ಮಗಳು ಮಲಗಿದ ಮೇಲೆ ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಹಣೆಯಿಂದ ಗದ್ದದವರೆಗೆ ಅವಳ ಮುಖ ಪೂರ್ತಿ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಎಂಟು ವರ್ಷದ ಅವಳಿಗೆ ಈಗಾಗಲೇ ಮೈನಸ್ 3. ಅಪ್ಪ ಕೊಟ್ಟ ಆಸ್ತಿ ಇದೇನಾ ಎಂದು ಕರುಳು ಹಿಂಡುತ್ತದೆ. ಅವಳ ತಮ್ಮನಿಗೆ ಇನ್ನೂ ಕನ್ನಡಕ ಬಂದಿಲ್ಲ. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಆಡುವ ಮಕ್ಕಳಿಗೆ ಸಮೀಪದೃಷ್ಟಿ ಬರುವುದು ಕಡಿಮೆ ಎಂದು ವೈದ್ಯರು ಹೇಳಿದ ಮೇಲೆ, ದಿನವೂ ಇಬ್ಬರನ್ನೂ ಮೈದಾನಕ್ಕೆ ಕರೆದೊಯ್ಯುತ್ತಿದ್ದೇನೆ.

ಇಷ್ಟೆಲ್ಲ ಬರೆಯಬೇಕೆಂದಿರಲಿಲ್ಲ. ಇರಲಿ, ಮುಂದಿನ ಶನಿವಾರ ಬಾ. ಡ್ರಾಪ್ಸ್ ಹಾಕಿದ ಮೇಲೆ ನೀನು ಗಾಡಿ ಓಡಿಸುವಂತಿಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ. ವಾಪಸು ಬರುವಾಗ ನಮ್ಮ ಹಳೆಯ ಹೋಟೆಲಿನಲ್ಲಿ ಬೆಣ್ಣೆದೋಸೆ. ಅಕ್ಷರ ಮಸುಕಾದರೆ ಚಿಂತೆಯಿಲ್ಲ, ಮೆನು ನಾನು ಓದಿ ಹೇಳುತ್ತೇನೆ.

ನಿನ್ನ,
ಮೈನಸ್ 9