ಒಂದೇ ಕೇಬಲ್‌ನಲ್ಲಿ ನಾಲ್ಕು ಟಿವಿ ಅಂತ ದುಡ್ಡು ತಗೊಂಡು ಅರ್ಧಂಬರ್ಧ ಕೆಲಸ ಮಾಡಿದ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಇವರಿಂದ,
ನಿಮ್ಮ ಹಳೆಯ ಗ್ರಾಹಕ, ವಿನೋಬನಗರ, ದಾವಣಗೆರೆ

ವಿಷಯ: ಮನೆಯ ನಾಲ್ಕು ಸೆಟ್‌ಟಾಪ್ ಬಾಕ್ಸ್‌ಗಳಿಗೆ ಒಂದೇ ಕೇಬಲ್ ವೈರಿಂಗ್ ಸರಿಯಾಗಿ ಮಾಡಿಕೊಡದಿರುವುದು, ಕರೆದಾಗಲೆಲ್ಲ ಭೇಟಿ ಶುಲ್ಕ ವಸೂಲಿ ಮಾಡಿರುವುದು.

ನಮಸ್ಕಾರ.

ಫೋನ್‌ನಲ್ಲಿ ಹೇಳಿ ಹೇಳಿ ಸಾಕಾಗಿ ಈಗ ಬರೆದು ಕಳಿಸುತ್ತಿದ್ದೇನೆ. ದಯವಿಟ್ಟು ಇದನ್ನು ಓದದೆ 'ತೊಂದರೆ ಬಗೆಹರಿಸಲಾಗಿದೆ' ಅಂತ ಮೆಸೇಜ್ ಕಳಿಸಬೇಡಿ. ಬಗೆಹರಿದಿಲ್ಲ.

ನಮ್ಮದು ಕೆಳಗೊಂದು ಮೇಲೆ ಎರಡು ಮಹಡಿ ಇರುವ ಮನೆ. ಕೆಳಗೆ ಹಾಲ್‌ನಲ್ಲಿ ಒಂದು ಟಿವಿ, ಅಮ್ಮನ ರೂಮಿನಲ್ಲಿ ಒಂದು, ಮೊದಲ ಮಹಡಿಯಲ್ಲಿ ನಮ್ಮದೊಂದು, ಎರಡನೇ ಮಹಡಿಯಲ್ಲಿ ತಮ್ಮನದೊಂದು. ನಾಲ್ಕೂ ನಿಮ್ಮದೇ ಕನೆಕ್ಷನ್, ನಾಲ್ಕಕ್ಕೂ ತಿಂಗಳು ತಿಂಗಳು ರೀಚಾರ್ಜ್ ಆಗುತ್ತಿದೆ. ಡಿಶ್ ತಾರಸಿ ಮೇಲಿದೆ. ಅಲ್ಲಿಂದ ಕೆಳಗಿನವರೆಗೆ ಗೋಡೆಯೊಳಗೆ ಮುಕ್ಕಾಲು ಇಂಚಿನ ಒಂದು ಪೈಪ್ ಮಾತ್ರ ಇದೆ. ಡಿಶ್‌ಗೆ ಹಾಕುವ ಆರ್‌ಜಿ6 ಕೇಬಲ್ ಸುಮಾರು 7 ಮಿಲಿಮೀಟರ್ ದಪ್ಪ ಇರುತ್ತದೆ. ತಿರುವುಗಳಿರುವ ಆ ಪೈಪಿನಲ್ಲಿ ಅಂಥ ನಾಲ್ಕು ಕೇಬಲ್ ತೂರಿಸುವುದು ಆಗದ ಮಾತು. ಹೊರಗಿನ ಗೋಡೆ ಮೇಲೆ ನಾಲ್ಕು ಕರಿ ಕೇಬಲ್ ಇಳಿಬಿಟ್ಟು ಮಹಡಿಗೊಂದು ತೂತು ಕೊರೆಯುವುದು ನಮಗೆ ಬೇಡವಾಗಿತ್ತು, ಬಣ್ಣ ಹೊಡೆಸಿ ಇನ್ನೂ ಜಾಸ್ತಿ ದಿನ ಆಗಿರಲಿಲ್ಲ.

ಇದನ್ನೆಲ್ಲ ಬುಕಿಂಗ್ ಮಾಡುವಾಗಲೇ ಹೇಳಿದ್ದೆ. ನಿಮ್ಮ ಸೇಲ್ಸ್‌ನವರು ಮನೆಗೆ ಬಂದು ಪೈಪ್ ನೋಡಿ, 'ಒಂದೇ ಕೇಬಲ್‌ನಲ್ಲಿ ನಾಲ್ಕೂ ಓಡುತ್ತೆ, ಅದಕ್ಕೆ ಅಂತಾನೇ ಬೇರೆ ಎಲ್‌ಎನ್‌ಬಿ ಬರುತ್ತೆ' ಅಂದರು (ಎಲ್‌ಎನ್‌ಬಿ ಅಂದರೆ ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿದು ಕೇಬಲ್‌ಗೆ ಇಳಿಸುವ ಡಬ್ಬಿ). ಅವರು ಹೇಳಿದ್ದು ಸುಳ್ಳಲ್ಲ. ಯೂನಿಕೇಬಲ್ ಅನ್ನಿ, ಎಸ್‌ಸಿಆರ್ ಅನ್ನಿ, ಈ ವ್ಯವಸ್ಥೆ ಇವತ್ತು ನಿನ್ನೆಯದಲ್ಲ. ಇಎನ್ 50494 ಅನ್ನುವ ಯುರೋಪಿನ ಸ್ಟ್ಯಾಂಡರ್ಡ್ ಪ್ರಕಾರ ಒಂದು ಕೇಬಲ್ ಮೇಲೆ 8 ರಿಸೀವರ್ ಓಡಿಸಬಹುದು. ಆಮೇಲೆ ಬಂದ ಇಎನ್ 50607ರಲ್ಲಿ 32ರವರೆಗೆ ಹೋಗಬಹುದು. ನಾಲ್ಕು ಯಾವ ದೊಡ್ಡ ವಿಷಯ? ಹಾಗಾಗಿಯೇ ಒಪ್ಪಿಕೊಂಡು ಅಡ್ವಾನ್ಸ್ ಕೊಟ್ಟೆ. ನನ್ನ ತಕರಾರು ತಂತ್ರಜ್ಞಾನದ ಮೇಲೆ ಅಲ್ಲ. ಅದನ್ನು ಮಾರಿದ ನೀವು ಅದನ್ನು ಹೇಗೆ ಕೂರಿಸಬೇಕು ಅಂತ ನಿಮ್ಮ ಹುಡುಗರಿಗೆ ಹೇಳಿಕೊಟ್ಟಿಲ್ಲ. ಅದೇ ನನ್ನ ದೂರು.

ಮೊದಲು ಬಂದವರು ತಾರಸಿ ಮೇಲೆ ಮಾಮೂಲಿ ಯೂನಿವರ್ಸಲ್ ಎಲ್‌ಎನ್‌ಬಿಯನ್ನೇ ಹಾಕಿ, ಮಂಡಿಪೇಟೆಯಿಂದ ಒಂದು ಸ್ಪ್ಲಿಟ್ಟರ್ ತಂದು ಕೇಬಲ್ ನಾಲ್ಕಾಗಿ ಒಡೆದು ಹೋದರು. ಆ ಸ್ಪ್ಲಿಟ್ಟರ್ ಈಗಲೂ ನನ್ನ ಹತ್ತಿರ ಇದೆ. ಬೆರಳುದ್ದದ ಬೆಳ್ಳಿ ಬಣ್ಣದ ಡಬ್ಬಿ, ಮೇಲೆ '5-1000 ಮೆಗಾಹರ್ಟ್ಜ್' ಅಂತ ಸ್ಪಷ್ಟವಾಗಿ ಅಚ್ಚಾಗಿದೆ. ಅದು ಬೀದಿಯ ಕೇಬಲ್ ಟಿವಿಗೆ ಮಾಡಿದ್ದು. ಡಿಶ್‌ನಿಂದ ಕೆಳಗಿಳಿಯುವ ಸಿಗ್ನಲ್ 950ರಿಂದ 2150 ಮೆಗಾಹರ್ಟ್ಜ್‌ವರೆಗೆ ಇರುತ್ತದೆ. ಅಂದರೆ ಹೆಚ್ಚುಕಮ್ಮಿ ಆ ಡಬ್ಬಿಯ ಲೆಕ್ಕ ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ನಿಮ್ಮ ಸಿಗ್ನಲ್ ಶುರುವಾಗುತ್ತದೆ. ಇದನ್ನು ಓದಲು ಇಂಜಿನಿಯರಿಂಗ್ ಡಿಗ್ರಿ ಬೇಕಿಲ್ಲ, ಕನ್ನಡಕ ಸಾಕು.

ಹೋಗಲಿ, ಡಿಶ್‌ಗೆ ಹೊಂದುವ ಸ್ಪ್ಲಿಟ್ಟರ್ ತಂದಿದ್ದರೂ ಆ ಎಲ್‌ಎನ್‌ಬಿ ಜೊತೆ ಅದು ಆಗದ ಕೆಲಸವೇ. ಮಾಮೂಲಿ ಎಲ್‌ಎನ್‌ಬಿಗೆ ಬಾಕ್ಸ್ 13 ವೋಲ್ಟ್ ಕೊಟ್ಟರೆ ಒಂದು ಪೋಲರೈಸೇಶನ್ (ಸಿಗ್ನಲ್ ಅಲೆಗಳ ದಿಕ್ಕು), 18 ಕೊಟ್ಟರೆ ಇನ್ನೊಂದು. ಅದರ ಮೇಲೆ 22 ಕಿಲೋಹರ್ಟ್ಜ್ ಟೋನ್ ಇದ್ದರೆ ಮೇಲಿನ ಬ್ಯಾಂಡ್, ಅಂದರೆ ಹೆಚ್ಚಿನ ಫ್ರೀಕ್ವೆನ್ಸಿಗಳ ಗುಂಪು, ಇಲ್ಲದಿದ್ದರೆ ಕೆಳಗಿನದು. ಒಂದು ಸಲಕ್ಕೆ ಒಂದನ್ನು ಮಾತ್ರ ಅದು ಕೆಳಗೆ ಕಳಿಸುತ್ತದೆ. ಒಂದೇ ತಂತಿಯಲ್ಲಿ ಒಂದು ಬಾಕ್ಸ್ 13 ಅಂದು ಇನ್ನೊಂದು 18 ಅಂದರೆ ಗೆಲ್ಲುವುದು 18, ಉಳಿದವರ ಚಾನೆಲ್ ಮಾಯ. ಡಿಶ್ ಕಟ್ಟುವ ಕೆಲಸದಲ್ಲಿ ಮೊದಲ ದಿನ ಕಲಿಯುವ ಪಾಠ ಇದು, ಅಲ್ವಾ?

ನಾನು ಗಲಾಟೆ ಮಾಡಿದ ಮೇಲೆ ಇನ್ನೊಬ್ಬರು ಬಂದು ಎಸ್‌ಸಿಆರ್ ಎಲ್‌ಎನ್‌ಬಿ ಹಾಕಿದರು. ಅಲ್ಲಿಗೆ ಸಮಾಧಾನ ಆಯಿತು ಅಂದುಕೊಂಡರೆ ತಲೆನೋವು ಶುರುವಾಗಿದ್ದೇ ಆಗ.

ಸಾಯಂಕಾಲ ಅಮ್ಮ ತನ್ನ ರೂಮಿನಲ್ಲಿ ಧಾರಾವಾಹಿ ನೋಡುತ್ತಿರುತ್ತಾಳೆ. ಹಾಲ್‌ನಲ್ಲಿ ಮಗ ಕ್ರಿಕೆಟ್‌ಗೆ ಚಾನೆಲ್ ಬದಲಾಯಿಸುತ್ತಾನೆ. ಅಷ್ಟೇ, ಅಮ್ಮನ ಟಿವಿಯಲ್ಲಿ ಚಿತ್ರ ಚೌಕ ಚೌಕವಾಗಿ ಒಡೆದು 'ಸಿಗ್ನಲ್ ಇಲ್ಲ' ಅಂತ ಬರುತ್ತದೆ. ಅಮ್ಮ ಅಲ್ಲಿಂದಲೇ ಕೂಗುತ್ತಾಳೆ. ಮತ್ತೆ ಆ ಚಾನೆಲ್ ನಂಬರ್ ಒತ್ತುತ್ತಾಳೆ, ಅವಳದು ಬರುತ್ತದೆ, ಈಗ ಹಾಲ್‌ನಲ್ಲಿ ಮಗ ಕೂಗುತ್ತಾನೆ. ಮೇಲಿಂದ ನನ್ನ ಹೆಂಡತಿ ನ್ಯೂಸ್ ಹಾಕಿದರೆ ಇಬ್ಬರದೂ ಹೋಗುತ್ತದೆ. ವಿಚಿತ್ರ ಅಂದರೆ ಮೂವರೂ ಒಂದೇ ಚಾನೆಲ್ ನೋಡಿದರೆ ಮೂರೂ ಟಿವಿ ಕನ್ನಡಿಯ ಹಾಗೆ ಸ್ವಚ್ಛ. ಹಾಗಾದರೆ ಮೂರು ಟಿವಿ ಯಾಕೆ, ಎಲ್ಲರೂ ಹಾಲ್‌ನಲ್ಲೇ ಕೂರುತ್ತಿದ್ದೆವು.

ಕಾಲ್ ಸೆಂಟರ್‌ಗೆ ಇದನ್ನು ಹೇಳಿದರೆ ಬಂದ ಉತ್ತರಗಳು: ಮೋಡ ಇರಬಹುದು. ಬಾಕ್ಸ್ ಆಫ್ ಮಾಡಿ ಆನ್ ಮಾಡಿ. ನಿಮ್ಮ ಮನೆ ವೈರಿಂಗ್ ಹಳೆಯದು. ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳ ಬಿಸಿಲಲ್ಲಿ ಮೋಡದ ಕಥೆ ಹೇಳಿದವರ ಧೈರ್ಯ ಮೆಚ್ಚಬೇಕು. ಮೋಡ ಬಂದರೆ ನಾಲ್ಕೂ ಟಿವಿಗೆ ಬರಬೇಕು ತಾನೇ, ಮಗ ರಿಮೋಟ್ ಒತ್ತಿದಾಗ ಮಾತ್ರ ಅಮ್ಮನ ರೂಮಿಗೆ ಹೇಗೆ ಬರುತ್ತದೆ?

ಕೊನೆಗೆ ನಾನೇ ಒಂದು ಭಾನುವಾರ ಕೂತು ನಾಲ್ಕೂ ಬಾಕ್ಸ್‌ಗಳ ಇನ್‌ಸ್ಟಾಲೇಶನ್ ಮೆನು ತೆಗೆದು ನೋಡಿದೆ. ನಾಲ್ಕರಲ್ಲೂ ಯೂಸರ್ ಬ್ಯಾಂಡ್ (ಕೇಬಲ್‌ನಲ್ಲಿ ಒಂದೊಂದು ಬಾಕ್ಸ್‌ಗೆ ಮೀಸಲಿಡುವ ಜಾಗ) 1, ನಾಲ್ಕರಲ್ಲೂ 1210 ಮೆಗಾಹರ್ಟ್ಜ್. ಫೋಟೊ ಇದರ ಜೊತೆ ಇಟ್ಟಿದ್ದೇನೆ, ನೋಡಿ. ತಾರಸಿ ಹತ್ತಿ ಎಲ್‌ಎನ್‌ಬಿ ನೋಡಿದರೆ ಅದರ ಹೊಟ್ಟೆ ಮೇಲೆ ಸ್ಟಿಕರ್ ಇದೆ: 1210, 1420, 1680, 2040. ನಾಲ್ಕು ಬಾಕ್ಸ್‌ಗೆ ನಾಲ್ಕು ಜಾಗ ಅಂತ ಕಂಪನಿಯವರು ಅಚ್ಚು ಹಾಕಿಯೇ ಕೊಟ್ಟಿದ್ದಾರೆ. ಪ್ರತಿ ಬಾಕ್ಸ್ ತನಗೆ ಬೇಕಾದ ಟ್ರಾನ್ಸ್‌ಪಾಂಡರ್ (ಉಪಗ್ರಹದಿಂದ ಒಟ್ಟಿಗೆ ಬರುವ ಚಾನೆಲ್‌ಗಳ ಗುಂಪು) ಯಾವುದು ಅಂತ ಮೇಲಕ್ಕೆ ಕೇಳುತ್ತದೆ, ಎಲ್‌ಎನ್‌ಬಿ ಅದನ್ನು ತಂದು ಆ ಬಾಕ್ಸಿನ ಜಾಗದಲ್ಲಿ ಇಡುತ್ತದೆ. ನಾಲ್ವರಿಗೂ ಒಂದೇ ಜಾಗ ಕೊಟ್ಟರೆ ಕೊನೆಗೆ ಕೇಳಿದವನದ್ದು ಮಾತ್ರ ಅಲ್ಲಿರುತ್ತದೆ. ಒಂದು ಟ್ರಾನ್ಸ್‌ಪಾಂಡರ್‌ನಲ್ಲಿ ಹಲವು ಚಾನೆಲ್ ಇರುವುದರಿಂದ ಕೆಲವೊಮ್ಮೆ ಅದೃಷ್ಟಕ್ಕೆ ಇಬ್ಬರದೂ ನಡೆಯುತ್ತದೆ. ನಿಮ್ಮವರು ಟೆಸ್ಟ್ ಮಾಡುವಾಗ ಎಲ್ಲ ಟಿವಿಯಲ್ಲೂ ಒಂದೇ ಚಾನೆಲ್ ಹಾಕಿ ತೋರಿಸಿ ಸಹಿ ಹಾಕಿಸಿಕೊಂಡು ಹೋಗಿದ್ದರು.

ಇದನ್ನು ನಾನೇ ಬದಲಾಯಿಸೋಣ ಅಂದರೆ ಮೆನುಗೆ ಪಾಸ್‌ವರ್ಡ್. ನೋಡಬಹುದು, ಮುಟ್ಟುವ ಹಾಗಿಲ್ಲ. ಕಾಲ್ ಸೆಂಟರ್‌ನಲ್ಲಿ ಪಾಸ್‌ವರ್ಡ್ ಕೇಳಿದರೆ 'ಟೆಕ್ನಿಶಿಯನ್‌ಗೆ ಮಾತ್ರ ಕೊಡ್ತೀವಿ ಸಾರ್'. ಟೆಕ್ನಿಶಿಯನ್ ಬಂದರೆ 250 ರೂಪಾಯಿ ಭೇಟಿ ಶುಲ್ಕ. ನಿಮ್ಮ ತಪ್ಪು ತಿದ್ದಲು ನೀವು ಬರುವುದಕ್ಕೆ ನಾನು ಯಾಕೆ ದುಡ್ಡು ಕೊಡಬೇಕು?

ಇನ್ನು ತಮ್ಮನ ಟಿವಿ. ಅದು ಎರಡನೇ ಮಹಡಿಯಲ್ಲಿ, ಡಿಶ್‌ಗೆ ಎಲ್ಲಕ್ಕಿಂತ ಹತ್ತಿರ, ಆದರೆ ಅದರಲ್ಲೇ ಎಲ್ಲಕ್ಕಿಂತ ಕಡಿಮೆ ಚಾನೆಲ್. ಕೆಳಗಿನವರು ಏನು ನೋಡುತ್ತಿದ್ದಾರೋ ಅದೇ ಟ್ರಾನ್ಸ್‌ಪಾಂಡರ್‌ನದು ಮಾತ್ರ ಬರುತ್ತದೆ. ಕೆಳಗಿನ ಮೂರೂ ಬಾಕ್ಸ್ ಸ್ವಿಚ್‌ನಲ್ಲಿ ಆಫ್ ಮಾಡಿದರೆ ಅದೂ ಇಲ್ಲ. ಆ ಮಹಡಿಯ ಜಂಕ್ಷನ್ ಬಾಕ್ಸ್ ಬಿಚ್ಚಿದರೆ ಒಳಗೆ ಎರಡು ದಾರಿಯ ಸ್ಪ್ಲಿಟ್ಟರ್. ಕೆಳಕ್ಕೆ ಹೋಗುವ ಪೋರ್ಟ್ ಪಕ್ಕದಲ್ಲಿ ಮಾತ್ರ ಕೆಂಪು ಗೆರೆ, ತಮ್ಮನ ರೂಮಿನ ಕಡೆಯ ಪೋರ್ಟ್‌ಗೆ ಏನೂ ಇಲ್ಲ. ಕೆಂಪು ಗೆರೆ ಇರುವ ಕಡೆ ಮಾತ್ರ ಕರೆಂಟ್ ದಾಟುತ್ತದೆ. ಎಸ್‌ಸಿಆರ್‌ನಲ್ಲಿ ಬಾಕ್ಸ್ ತನ್ನ ಬೇಡಿಕೆ ಕಳಿಸುವಾಗ ವೋಲ್ಟೇಜ್ 18ಕ್ಕೆ ಏರಿಸಿ, ಅದೇ ತಂತಿಯಲ್ಲಿ ಡೈಸೆಕ್ ಕಮಾಂಡ್ (ಎಲ್‌ಎನ್‌ಬಿಗೆ ಅರ್ಥವಾಗುವ ಸಂಕೇತ) ಕಳಿಸಿ, ಮತ್ತೆ 13ಕ್ಕೆ ಇಳಿಯುತ್ತದೆ. ಆ ವೋಲ್ಟೇಜೇ ಮೇಲಕ್ಕೆ ಹೋಗದಿದ್ದರೆ ತಮ್ಮನ ಬಾಕ್ಸ್ ಎಷ್ಟು ಕೇಳಿಕೊಂಡರೂ ಎಲ್‌ಎನ್‌ಬಿಗೆ ಮುಟ್ಟುವುದಿಲ್ಲ. ಎಲ್ಲ ಪೋರ್ಟ್‌ನಲ್ಲೂ ಪವರ್ ಪಾಸ್ ಆಗುವ, ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ, 2150 ಮೆಗಾಹರ್ಟ್ಜ್‌ವರೆಗೂ ಕೆಲಸ ಮಾಡುವ ಸ್ಪ್ಲಿಟ್ಟರ್ ಬೇಕು. ಮೊದಲ ಮಹಡಿಯಲ್ಲಿ ಕೆಳಗಿನ ಮೂರು ಬಾಕ್ಸ್‌ಗೆ ಹಾಕಿರುವ ಮೂರು ದಾರಿಯದು ಅಂಥದ್ದೇ. ಒಂದೇ ಮನೆಗೆ ಒಂದು ಸರಿ, ಒಂದು ತಪ್ಪು ಯಾಕೆ ಅಂತ ಕೇಳಿದರೆ ಆ ಹುಡುಗ ಪಾಪ ನಿಜ ಹೇಳಿದ: 'ಬ್ಯಾಗ್‌ನಲ್ಲಿ ಇದ್ದಿದ್ದು ಅದೊಂದೇ ಸಾರ್.'

ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಉರಿಬಿಸಿಲಲ್ಲಿ ತಾರಸಿ ಹತ್ತುವವರು ಅವರು. ಒಂದು ಮನೆ ಮುಗಿಸಿದರೆ ಇಷ್ಟು ಅಂತ ಲೆಕ್ಕ, ಸಾಮಾನು ತಮ್ಮ ಕೈಯಿಂದ ತರಬೇಕು, ಮುಂದಿನ ಮನೆ ನಿಟುವಳ್ಳಿಯಲ್ಲೋ ಶಾಮನೂರಿನಲ್ಲೋ ಕಾಯುತ್ತಿರುತ್ತದೆ. ಎಸ್‌ಸಿಆರ್ ಕಿಟ್ ಮಾರುವುದಕ್ಕೆ ಮೊದಲು ಅದರ ಸ್ಪ್ಲಿಟ್ಟರ್ ಅವರ ಬ್ಯಾಗಿನಲ್ಲಿದೆಯಾ, ಯೂಸರ್ ಬ್ಯಾಂಡ್ ಅಂದರೇನು ಅಂತ ಅವರಿಗೆ ಯಾರಾದರೂ ಹೇಳಿದ್ದಾರಾ ಅಂತ ನೋಡಬೇಕಾದವರು ನೀವು.

ತಾರಸಿ ಮೇಲಿನ ಕನೆಕ್ಟರ್‌ಗೆ ಬರೀ ಇನ್ಸುಲೇಶನ್ ಟೇಪ್ ಸುತ್ತಿದ್ದಾರೆ. ಈಗಲೇ ಅಂಟು ಕರಗಿ ಜೋತಾಡುತ್ತಿದೆ, ಮಳೆ ಬಂದರೆ ನೀರು ನೇರ ಕೇಬಲ್ ಒಳಗೆ. ಅದನ್ನೂ ಸರಿ ಮಾಡಬೇಕು.

ನನಗೆ ಬೇಕಾಗಿರುವುದು ಇಷ್ಟು. ಎಸ್‌ಸಿಆರ್ ಗೊತ್ತಿರುವ ಒಬ್ಬರನ್ನು ಕಳಿಸಿ. ಎರಡನೇ ಮಹಡಿಯ ಸ್ಪ್ಲಿಟ್ಟರ್ ಬದಲಾಯಿಸಿ, ನಾಲ್ಕೂ ಬಾಕ್ಸ್‌ಗೆ ಬೇರೆ ಬೇರೆ ಬ್ಯಾಂಡ್ ಕೊಡಿ. ಫ್ರೀಕ್ವೆನ್ಸಿ ಹೆಚ್ಚಿದಷ್ಟೂ ಕೇಬಲ್‌ನಲ್ಲಿ ಸಿಗ್ನಲ್ ಜಾಸ್ತಿ ಸೋರುತ್ತದೆ, ಆದ್ದರಿಂದ ದೂರದ ಹಾಲ್‌ಗೆ 1210, ಅಮ್ಮನ ರೂಮಿಗೆ 1420, ನಮಗೆ 1680, ಡಿಶ್‌ಗೆ ಹತ್ತಿರ ಇರುವ ತಮ್ಮನಿಗೆ 2040 ಕೊಟ್ಟರೆ ಒಳ್ಳೆಯದು. ಕೊಟ್ಟ ಮೇಲೆ ಯಾವ ಬಾಕ್ಸ್‌ಗೆ ಯಾವುದು ಅಂತ ಬಾಕ್ಸಿನ ಹಿಂದೆ ಮಾರ್ಕರ್‌ನಲ್ಲಿ ಬರೆಯಿರಿ. ನಾಳೆ ಒಂದು ಬಾಕ್ಸ್ ಕೆಟ್ಟು ಹೊಸದು ಬಂದಾಗ ಅದನ್ನು ಮಾಮೂಲಿ ಎಲ್‌ಎನ್‌ಬಿಗೆ ಇರುವ ಯೂನಿವರ್ಸಲ್ ಮೋಡ್‌ನಲ್ಲೇ ಬಿಟ್ಟು ಹೋಗುವವರು ಬರುತ್ತಾರೆ, ಅದು 18 ವೋಲ್ಟ್ ಹಿಡಿದುಕೊಂಡು ಕೂತರೆ ಉಳಿದ ಮೂರೂ ಬಾಕ್ಸ್‌ಗಳ ಬಾಯಿ ಬಂದ್. ಟೆಸ್ಟ್ ಮಾಡುವಾಗ ನಾಲ್ಕು ಟಿವಿಯಲ್ಲಿ ನಾಲ್ಕು ಬೇರೆ ಚಾನೆಲ್ ಹಾಕಿ, ಪ್ರತಿಯೊಂದರಲ್ಲೂ ಬದಲಾಯಿಸಿ ತೋರಿಸಿ, ಒಂದೊಂದೇ ಬಾಕ್ಸ್ ಸ್ವಿಚ್‌ನಲ್ಲಿ ಆಫ್ ಮಾಡಿಯೂ ತೋರಿಸಿ. ಆಮೇಲೆ ಸಹಿ.

ದುಡ್ಡಿನ ವಿಷಯ. ಮೊದಲು ಹಾಕಿದ ಕೇಬಲ್ ಟಿವಿ ಸ್ಪ್ಲಿಟ್ಟರ್ ದರ, ತಗೊಂಡಿರುವ ಎಲ್ಲ ಭೇಟಿ ಶುಲ್ಕ, ತಮ್ಮನ ಕನೆಕ್ಷನ್‌ಗೆ ಸುಮ್ನೆ ಹೋದ ರೀಚಾರ್ಜ್, ಇವು ವಾಪಸ್ ಬೇಕು. ವಾಲೆಟ್‌ಗೆ ಬೇಡ, ಬ್ಯಾಂಕ್ ಖಾತೆಗೆ ಹಾಕಿ. ಬಿಲ್ಲು, ಮೆನುವಿನ ಫೋಟೊ, ಎರಡೂ ಸ್ಪ್ಲಿಟ್ಟರ್‌ಗಳ ಫೋಟೊ, ಹಾಲ್‌ನಲ್ಲಿ ಚಾನೆಲ್ ಬದಲಾಯಿಸಿದಾಗ ಅಮ್ಮನ ಟಿವಿ ಹೋಗುವ ವಿಡಿಯೊ ಜೊತೆಗಿದೆ. ಹಿಂದಿನ ದೂರುಗಳ ಡಾಕೆಟ್ ನಂಬರ್‌ಗಳನ್ನೂ ಹಾಕಿದ್ದೇನೆ, ಅವೆಲ್ಲ ನಿಮ್ಮ ಲೆಕ್ಕದಲ್ಲಿ ಮುಗಿದಿವೆಯಂತೆ.

ಈ ಪತ್ರ ಸಿಕ್ಕಿ ಹದಿನೈದು ದಿನದೊಳಗೆ ಕೆಲಸ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ನಂಬರ್‌ನಲ್ಲಿ ದೂರು ದಾಖಲಿಸಿ, ಆಮೇಲೆ ಇಲ್ಲಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ಇರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಿಮ್ಮ ವಕೀಲರು ದಾವಣಗೆರೆಗೆ ಓಡಾಡುವ ಖರ್ಚಿಗಿಂತ ಒಂದು ಸ್ಪ್ಲಿಟ್ಟರ್ ಅಗ್ಗ.

ಬರುವ ಹಿಂದಿನ ದಿನ ಫೋನ್ ಮಾಡಿ. ಬೆಳಿಗ್ಗೆ ಹತ್ತರೊಳಗೆ ಬಂದರೆ ನಾನೇ ಇರುತ್ತೇನೆ. ಏಣಿ ಮನೆಯಲ್ಲಿದೆ, ಸ್ಪ್ಲಿಟ್ಟರ್ ಮಾತ್ರ ನೀವೇ ತನ್ನಿ. ಹುಡುಗರ ಕೈಗೆ ಕೊಡುವ ಮುಂಚೆ ಅದರ ಮೇಲೆ ಅಚ್ಚಾಗಿರುವುದನ್ನು ಒಮ್ಮೆ ಓದಿ.

ಇಂತಿ,
ವಿನೋಬನಗರದ ನಿಮ್ಮ ಗ್ರಾಹಕ