ವೇಳಾಪಟ್ಟಿಯ ಮೇಜಿಗೆ ತಲುಪುವಂಥ ಸಲಹೆ ಬೇಕು

ಮಾನ್ಯ ಸಂಪಾದಕರೇ,

ಸ್ಥಳೀಯ ಬಸ್ ಸೇವೆಯ ಬಗ್ಗೆ ನಾಗರಿಕರ ಸಲಹೆ ಕೇಳಲು ಕರೆಯುವ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಎರಡು: ‘ಬಸ್ ಸಾಲದು’, ‘ಬಸ್ ಸರಿಯಾದ ಹೊತ್ತಿಗೆ ಬರುವುದಿಲ್ಲ’. ಎರಡೂ ನಿಜವೇ. ಆದರೆ ನಡಾವಳಿ ಪುಸ್ತಕದಲ್ಲಿ ಇಷ್ಟೇ ದಾಖಲಾದರೆ ಡಿಪೊದಲ್ಲಿ ಕೂತು ವೇಳಾಪಟ್ಟಿ ಹಾಕುವವರು ಅದರಿಂದ ಒಂದು ಸಾಲನ್ನೂ ತಿದ್ದಲಾರರು. ಅವರ ಮುಂದಿರುವುದು ಇಂತಿಷ್ಟು ಬಸ್, ಇಂತಿಷ್ಟು ಸಿಬ್ಬಂದಿ, ಟ್ರಿಪ್ಪಿಗೆ ಇಂತಿಷ್ಟು ನಿಮಿಷ ಎಂಬ ಲೆಕ್ಕ. ಆ ಲೆಕ್ಕ ಎಲ್ಲಿ ತಪ್ಪಿದೆ ಎಂದು ಬೆರಳಿಟ್ಟು ತೋರಿಸುವ ಸಲಹೆ ಮರುದಿನವೇ ಕೆಲಸಕ್ಕೆ ಬರುತ್ತದೆ. ಅಂಥ ಸಲಹೆ ಕೊಡುವುದು ಹೇಗೆ, ಅದನ್ನು ಪಡೆಯುವ ಸಮಿತಿ ಹೇಗಿರಬೇಕು ಎಂಬ ಬಗ್ಗೆ ಈ ಪತ್ರ.

ಒಂದು ಮಾರ್ಗದಲ್ಲಿ ಹೋಗಲು 42 ನಿಮಿಷ, ಬರಲು 42 ನಿಮಿಷ, ಎರಡು ತುದಿಯಲ್ಲೂ ಎಂಟೆಂಟು ನಿಮಿಷ ನಿಲುಗಡೆ ಎಂದಿಟ್ಟುಕೊಳ್ಳಿ. ಒಂದು ಸುತ್ತಿಗೆ 100 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ ಬಿಡಬೇಕಾದರೆ 10 ಬಸ್ ಬೇಕು. ರಸ್ತೆಯಲ್ಲಿ ವಾಹನ ಹೆಚ್ಚಿ ಸುತ್ತು 120 ನಿಮಿಷಕ್ಕೆ ಏರಿತೆನ್ನಿ. ಅದೇ 10 ಬಸ್ಸು ಈಗ 12 ನಿಮಿಷಕ್ಕೊಂದರಂತೆ ಮಾತ್ರ ಬರಬಲ್ಲವು. ಗಂಟೆಗೆ ಆರು ಬರುತ್ತಿದ್ದದ್ದು ಐದಕ್ಕಿಳಿಯಿತು. ಯಾರೂ ಬಸ್ ಕಿತ್ತುಕೊಂಡಿಲ್ಲ, ಕಾಗದದ ಮೇಲೆ ಬಸ್ಸಿನ ಸಂಖ್ಯೆ ಹಾಗೇ ಇದೆ, ಸೇವೆ ಮಾತ್ರ ಸವೆದಿದೆ. ಹೆಚ್ಚುವರಿ ಬಸ್ ಬೇಕೆಂದರೆ ವಾಹನ ಬೇಕು, ಚಾಲಕರು ಬೇಕು, ಡಿಪೊದಲ್ಲಿ ಜಾಗ ಬೇಕು, ವರ್ಷಗಟ್ಟಲೆ ಕಾಯಬೇಕು. ಆ 20 ನಿಮಿಷ ಎಲ್ಲಿ ಸೋರುತ್ತಿದೆ ಎಂದು ಹುಡುಕುವುದಕ್ಕೆ ಅಷ್ಟು ಕಾಯಬೇಕಿಲ್ಲ. ಆ ಹುಡುಕಾಟದಲ್ಲಿ ಪ್ರಯಾಣಿಕರಷ್ಟು ನೆರವಾಗಬಲ್ಲವರು ಬೇರೆ ಯಾರೂ ಇಲ್ಲ.

ಇಲ್ಲೇ ಒಂದು ದೂರಿನ ಬಗ್ಗೆ ಹೇಳಬೇಕು. ‘ಕೊನೇ ಸ್ಟಾಪಿನಲ್ಲಿ ಬಸ್ಸು ಸುಮ್ಮನೆ ನಿಂತಿರುತ್ತದೆ, ಕೂಡಲೇ ಹೊರಡಿಸಿ’ ಎಂದು ಬಹಳ ಜನ ಬರೆಯುತ್ತಾರೆ. ದಯವಿಟ್ಟು ಬರೆಯಬೇಡಿ. ಆ ನಿಲುಗಡೆಯೇ ಇಡೀ ಮಾರ್ಗದ ಉಸಿರು. ತುದಿಯಲ್ಲಿ ಎಂಟು ನಿಮಿಷ ಇದ್ದರೆ, ಆರು ನಿಮಿಷ ತಡವಾಗಿ ಬಂದ ಬಸ್ಸೂ ಮುಂದಿನ ಟ್ರಿಪ್ಪಿಗೆ ಸಮಯಕ್ಕೇ ಹೊರಡುತ್ತದೆ, ಚಾಲಕರಿಗೆ ಶೌಚಾಲಯಕ್ಕೆ ಹೋಗಿಬರಲು ಎರಡು ನಿಮಿಷವೂ ಸಿಗುತ್ತದೆ. ದೂರಿಗೆ ಹೆದರಿ ಅದನ್ನು ಮೂರು ನಿಮಿಷಕ್ಕಿಳಿಸಿದರೆ ಪ್ರತಿ ಟ್ರಿಪ್ಪಿನಲ್ಲೂ ಮೂರು ನಿಮಿಷದ ತಡ ಉಳಿದುಕೊಂಡು ಮುಂದಕ್ಕೆ ಸಾಗುತ್ತದೆ. ಎಂಟನೇ ಟ್ರಿಪ್ಪಿನ ಹೊತ್ತಿಗೆ 24 ನಿಮಿಷ ತಡ. ಆಗ ಬಸ್ಸನ್ನು ಅರ್ಧ ದಾರಿಯಲ್ಲೇ ತಿರುಗಿಸುತ್ತಾರೆ, ಇಲ್ಲವೇ ಒಂದು ಟ್ರಿಪ್ ಕೈಬಿಡುತ್ತಾರೆ. ಸಂಜೆ ಕೆಲಸ ಬಿಟ್ಟು ಬಂದವರು ಸ್ಟಾಪಿನಲ್ಲಿ ನಿಂತು ಪರದಾಡುವುದಕ್ಕೆ ಬೆಳಗ್ಗೆ ಉಳಿಸಿದ ಆ ಐದು ನಿಮಿಷವೇ ಕಾರಣವಾಗಿರುತ್ತದೆ. ತುದಿ ನಿಲುಗಡೆ ಓಡುವ ಸಮಯದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಇರುವ ಮಾರ್ಗ ಕಂಡರೆ, ಅದನ್ನು ಹೆಚ್ಚಿಸಿ ಎಂದೇ ನಾಗರಿಕರು ಕೇಳಬೇಕು.

ಅರ್ಧ ಗಂಟೆ ಕಾದ ಮೇಲೆ ಒಂದೇ ನಂಬರಿನ ಎರಡು ಬಸ್ಸು ಒಂದರ ಹಿಂದೊಂದು ಬರುವುದನ್ನು ಎಲ್ಲರೂ ಕಂಡಿದ್ದಾರೆ. ಇದರಲ್ಲಿ ಚಾಲಕರ ಪಿತೂರಿಯೇನೂ ಇಲ್ಲ. ಮುಂದೆ ಹೋಗುತ್ತಿರುವ ಬಸ್ ಎರಡು ನಿಮಿಷ ತಡವಾದರೆ ಸ್ಟಾಪಿನಲ್ಲಿ ಆ ಎರಡು ನಿಮಿಷದ ಜನ ಹೆಚ್ಚಿರುತ್ತಾರೆ, ಹತ್ತಲು ಹೊತ್ತು ಹೆಚ್ಚು ಬೇಕು, ಇನ್ನಷ್ಟು ತಡವಾಗುತ್ತದೆ. ಅದರ ಹಿಂದೆ ಬರುವ ಬಸ್ಸಿಗೆ ಜನ ಕಡಿಮೆ ಸಿಗುತ್ತಾರೆ, ಬೇಗ ಬೇಗ ಸಾಗಿ ಮುಂದಿನದರ ಬೆನ್ನು ಹತ್ತುತ್ತದೆ. ಗೋರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರಿ ಪಾಟ್ಸ್ ಎಂಬ ಸಂಶೋಧಕರು 1964ರಲ್ಲೇ ಇದನ್ನು ಗಣಿತದಿಂದ ತೋರಿಸಿದ್ದರು: ತನ್ನ ಪಾಡಿಗೆ ಬಿಟ್ಟರೆ ಬಸ್ಸುಗಳು ಜೋಡಿಗಟ್ಟುವುದೇ ಸಹಜ, ಅಂತರ ಉಳಿಯಬೇಕಾದರೆ ಯಾರಾದರೂ ಕಾಯ್ದುಕೊಳ್ಳಬೇಕು.

ಹೀಗಾದಾಗ ಸಂಸ್ಥೆಯ ಲೆಕ್ಕಕ್ಕೂ ಪ್ರಯಾಣಿಕರ ಅನುಭವಕ್ಕೂ ಎಷ್ಟು ದೂರವೆಂದು ನೋಡಿ. ಹತ್ತು ನಿಮಿಷಕ್ಕೊಂದು ಬಸ್ ಸಮವಾಗಿ ಬಂದರೆ ಸರಾಸರಿ 5 ನಿಮಿಷ ಕಾಯಬೇಕು. ಅವೇ ಬಸ್ಸುಗಳು 18 ನಿಮಿಷಕ್ಕೊಂದು, 2 ನಿಮಿಷಕ್ಕೊಂದು ಎಂಬಂತೆ ಜೋಡಿಯಾಗಿ ಬಂದರೆ ಸರಾಸರಿ ಕಾಯುವಿಕೆ 8.2 ನಿಮಿಷ. ಗಂಟೆಗೆ ಆರು ಬಸ್ಸು ಆಗಲೂ ಓಡಿದವು, ಈಗಲೂ ಓಡಿವೆ. ದಟ್ಟಣೆಯ ಕಥೆಯೂ ಅದೇ. ನಿಮಿಷಕ್ಕೆ ಇಬ್ಬರಂತೆ 20 ನಿಮಿಷದಲ್ಲಿ ಬರುವ 40 ಜನರಲ್ಲಿ 36 ಮಂದಿ ಮೊದಲ ಬಸ್ಸಿಗೆ ನುಗ್ಗುತ್ತಾರೆ, ನಾಲ್ವರು ಎರಡನೆಯದರಲ್ಲಿ ಹಾಯಾಗಿ ಕೂರುತ್ತಾರೆ. ಬಸ್ಸಿಗೆ ಸರಾಸರಿ 20 ಜನ, ಜನಸಂದಣಿ ಇಲ್ಲ ಎಂದು ವರದಿ ಹೇಳುತ್ತದೆ. 40ರಲ್ಲಿ 36 ಮಂದಿ ಕಂಡಿದ್ದು ಬೇರೆಯೇ ಬಸ್ಸು. ಆದ್ದರಿಂದ ‘ಶೇ 100 ಟ್ರಿಪ್ ಓಡಿಸಿದ್ದೇವೆ’ ಎಂಬ ಉತ್ತರಕ್ಕೆ ಸಮಿತಿ ತೃಪ್ತಿಪಡಬಾರದು. ಮೇಲಿಂದ ಮೇಲೆ ಬಸ್ಸಿರುವ ಮಾರ್ಗದಲ್ಲಿ ಹೆಚ್ಚುವರಿ ಕಾಯುವಿಕೆ, ಅಂದರೆ ಬಸ್ ಸಮವಾಗಿ ಬಂದಿದ್ದರೆ ಕಾಯುತ್ತಿದ್ದುದಕ್ಕಿಂತ ಹೆಚ್ಚು ಕಾದದ್ದು ಎಷ್ಟೆಂದು ಕೇಳಬೇಕು. ಮೇಲಿನ ಉದಾಹರಣೆಯಲ್ಲಿ ಅದು 3.2 ನಿಮಿಷ. ಲಂಡನ್ ಬಸ್ಸುಗಳನ್ನು ಇದೇ ಅಳತೆಯಿಂದ ಅಳೆಯುತ್ತಾರೆ.

ಪರಿಹಾರವೂ ದುಬಾರಿಯಲ್ಲ. ತುದಿಯಲ್ಲಿ ಮತ್ತು ನಡುದಾರಿಯ ಒಂದು ದೊಡ್ಡ ಸ್ಟಾಪಿನಲ್ಲಿ ಅಂತರ ನೋಡಿಕೊಂಡು ಹಿಂದಿನ ಬಸ್ಸನ್ನು ಎರಡು ನಿಮಿಷ ತಡೆದು ಬಿಡಬೇಕು. ಬಸ್ಸೊಳಗೆ ಕೂತವರಿಗೆ ಆ ಎರಡು ನಿಮಿಷ ಕಿರಿಕಿರಿ, ಬೈಗುಳ ತಿನ್ನುವವರು ಚಾಲಕರು. ಹಾಗೆ ನಿಲ್ಲಿಸುವುದು ನಮಗೆ ಒಪ್ಪಿಗೆ, ಏಕೆ ನಿಲ್ಲಿಸಿದ್ದೀರೆಂದು ಬಸ್ಸಿನಲ್ಲಿ ಹೇಳಿ ಸಾಕು ಎಂದು ನಾಗರಿಕರ ಸಮಿತಿ ಬರೆದುಕೊಟ್ಟರೆ ಸಿಬ್ಬಂದಿಗೆ ಬಲ ಬರುತ್ತದೆ. ಅಂತರ ದೊಡ್ಡದಿರುವ ಮಾರ್ಗಗಳಲ್ಲಿ ಇನ್ನೊಂದನ್ನು ಬಿಗಿಯಾಗಿ ಕೇಳಬೇಕು: ತಡವಾದರೂ ಸರಿ, ಮೊದಲೇ ಹೊರಡಕೂಡದು. ಅರ್ಧ ಗಂಟೆಗೊಂದು ಬಸ್ಸಿರುವ ಕಡೆ ಎರಡು ನಿಮಿಷ ಮುಂಚೆ ಹೋದ ಬಸ್ಸು, ಸಮಯಕ್ಕೆ ಸರಿಯಾಗಿ ಬಂದವರಿಗೆ ಅರ್ಧ ಗಂಟೆಯ ಶಿಕ್ಷೆ.

ಇನ್ನು ದಾಖಲೆಯ ಮಾತು. ದೂರಿಗೆ ತೂಕ ಬರುವುದು ಒಂದು ಹಾಳೆಯಿಂದ. ದಿನಾಂಕ, ವಾರ, ಸ್ಟಾಪಿನ ಹೆಸರು ಮತ್ತು ಬಸ್ ಹೋಗುವ ದಿಕ್ಕು, ಮಾರ್ಗದ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ, ಬಾಗಿಲು ತೆರೆದ ಸಮಯ, ಹೊರಟ ಸಮಯ, ಹತ್ತಲಾಗದೆ ಉಳಿದವರೆಷ್ಟು. ಇಷ್ಟು ಸಾಕು. ಸಮಯವನ್ನು ಮೊಬೈಲ್ ನೋಡಿ ಬರೆಯಿರಿ, ಕೈಗಡಿಯಾರಗಳು ಒಂದಕ್ಕೊಂದು ಹೊಂದುವುದಿಲ್ಲ. ಒಂದೇ ಸ್ಟಾಪು, ಒಂದೇ ಗಂಟೆ, ಕನಿಷ್ಠ ಐದು ಕೆಲಸದ ದಿನ. ಎಲ್ಲ ಸರಿಯಾಗಿ ನಡೆದ ದಿನವನ್ನೂ ಬಿಡದೆ ಬರೆಯಬೇಕು. ಕೆಟ್ಟ ದಿನಗಳನ್ನಷ್ಟೇ ಹೆಕ್ಕಿದ ಹಾಳೆಯನ್ನು ಅಧಿಕಾರಿಗಳು ಒಂದೇ ನೋಟಕ್ಕೆ ಗುರುತಿಸುತ್ತಾರೆ, ಆಮೇಲೆ ಒಳ್ಳೆಯ ಹಾಳೆಯನ್ನೂ ನಂಬುವುದಿಲ್ಲ.

ಸಾಧ್ಯವಾದರೆ ಇಬ್ಬರು ಎರಡು ಕಡೆ ನಿಲ್ಲಬೇಕು, ಒಬ್ಬರು ಹೊರಡುವ ಜಾಗದಲ್ಲಿ, ಇನ್ನೊಬ್ಬರು ನಡುದಾರಿ ದಾಟಿದ ಸ್ಟಾಪಿನಲ್ಲಿ. ಹೊರಡುವಾಗಲೇ ಏಳು ನಿಮಿಷ ತಡವಾಗಿದ್ದರೆ ಕಾರಣ ತುದಿಯ ನಿಲುಗಡೆಯಲ್ಲೋ ಡ್ಯೂಟಿ ಬದಲಾವಣೆಯಲ್ಲೋ ಇದೆ, ಅದು ಡಿಪೊದ ಕೆಲಸ. ಸರಿಯಾಗಿ ಹೊರಟು ನಡುವೆ ಏಳು ನಿಮಿಷ ಕಳೆದುಕೊಂಡಿದ್ದರೆ ಕಾರಣ ರಸ್ತೆಯಲ್ಲಿದೆ, ಸಂಚಾರ ಪೊಲೀಸರನ್ನೂ ನಗರಾಡಳಿತವನ್ನೂ ಕೇಳಬೇಕು. ಈ ಎರಡನ್ನು ಬೇರ್ಪಡಿಸದ ದೂರು ಕಚೇರಿಯಿಂದ ಕಚೇರಿಗೆ ಅಲೆಯುತ್ತಲೇ ಇರುತ್ತದೆ.

ರಸ್ತೆಯಲ್ಲಿ ಸಮಯ ನುಂಗುವ ಜಾಗಗಳು ನಿತ್ಯ ಓಡಾಡುವವರಿಗೆ ಬಾಯಿಪಾಠ. ಸಿಗ್ನಲ್‌ಗಿಂತ ಸ್ವಲ್ಪ ಹಿಂದೆ ಸ್ಟಾಪಿದೆ ಎನ್ನಿ: ಹಸಿರು ಇದ್ದಾಗ ಬಸ್ ನಿಂತು ಜನ ಹತ್ತಿಸಿಕೊಳ್ಳುತ್ತದೆ, ಬಾಗಿಲು ಹಾಕುವಷ್ಟರಲ್ಲಿ ಕೆಂಪು ಬಿದ್ದಿರುತ್ತದೆ. ಒಂದೇ ಜಾಗದಲ್ಲಿ ಎರಡು ಸಲ ನಿಂತಂತಾಯಿತು. ಆ ಸ್ಟಾಪನ್ನು ಸರ್ಕಲ್ ದಾಟಿಸಿ ಆಚೆಗೆ ಇಟ್ಟರೆ ಒಂದು ಕೆಂಪು ದೀಪದಷ್ಟು ಹೊತ್ತು ಉಳಿಯುತ್ತದೆ. ಸ್ಟಾಪಿನ ಮುಂದೆ ವಾಹನ ನಿಲ್ಲಿಸುವುದು ಇನ್ನೂ ಕೆಟ್ಟದ್ದು. 12 ಮೀಟರ್ ಉದ್ದದ ಬಸ್ಸು ಫುಟ್‌ಪಾತಿಗೆ ಒತ್ತಿ ನೇರವಾಗಿ ನಿಲ್ಲಲು ಮುಂದೆಯೂ ಹಿಂದೆಯೂ ಖಾಲಿ ಜಾಗ ಬೇಕು. ಒಂದು ಕಾರು ಅಲ್ಲಿದ್ದರೆ ಬಸ್ಸು ಓರೆಯಾಗಿ ರಸ್ತೆ ನಡುವೆಯೇ ನಿಲ್ಲುತ್ತದೆ. ಮಂಡಿ ನೋವಿನವರು ಫುಟ್‌ಪಾತಿನಿಂದ ರಸ್ತೆಗಿಳಿದು, ಅಲ್ಲಿಂದ ಎತ್ತರದ ಮೆಟ್ಟಿಲಿಗೆ ಕಾಲೆತ್ತಬೇಕು. ಕಂಬಿ ಹಿಡಿದು, ಒಂದು ಕಾಲಿಟ್ಟು, ಚೀಲ ಮೇಲಿಟ್ಟು, ಇನ್ನೊಂದು ಕಾಲೆತ್ತುವಷ್ಟರಲ್ಲಿ ಹಿಂದಿನ ವಾಹನಗಳ ಹಾರ್ನ್ ಶುರುವಾಗಿರುತ್ತದೆ. ಗಾಲಿಕುರ್ಚಿಯವರ ಪಾಲಿಗಂತೂ ಆ ಬಸ್ಸು ಬಂದಿದ್ದೂ ಒಂದೇ, ಬರದಿದ್ದದ್ದೂ ಒಂದೇ. ಲೋ ಫ್ಲೋರ್ ಬಸ್ಸಿಗೆ ಹಣ ಸುರಿದು ಸ್ಟಾಪಿನ ಮುಂದಿನ ಕಾರನ್ನು ಹಾಗೇ ಬಿಡುವುದು ಆ ಹಣವನ್ನೇ ಹಾಳು ಮಾಡಿದಂತೆ.

ಸ್ಟಾಪುಗಳ ನಡುವಿನ ದೂರದ ಬಗ್ಗೆ ಮಾತು ಬಂದರೆ ಸಭೆ ಬಿಸಿಯಾಗುತ್ತದೆ. 10 ಕಿಲೋಮೀಟರ್ ಮಾರ್ಗದಲ್ಲಿ 250 ಮೀಟರಿಗೊಂದರಂತೆ 40 ಸ್ಟಾಪ್, 400 ಮೀಟರಿಗೊಂದರಂತೆ 25. ವೇಗ ತಗ್ಗಿಸಿ, ಬಾಗಿಲು ತೆರೆದು ಮುಚ್ಚಿ, ಮತ್ತೆ ವೇಗ ಹಿಡಿಯಲು ಸ್ಟಾಪೊಂದಕ್ಕೆ 20 ಸೆಕೆಂಡ್ ಎಂದು ಹಿಡಿದರೂ 15 ಸ್ಟಾಪಿಗೆ 5 ನಿಮಿಷ, ಹೋಗಿಬರಲು 10 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ ಎಂಬ ಮೇಲಿನ ಲೆಕ್ಕದ ಪ್ರಕಾರ ಒಂದು ಇಡೀ ಬಸ್ಸು ಸಿಕ್ಕಂತಾಯಿತು. ಆದರೆ ನಕ್ಷೆ ನೋಡಿ ಅಳೆದು ಸ್ಟಾಪ್ ತೆಗೆಯುವುದು ಕ್ರೌರ್ಯ. ಯಾವ ಸ್ಟಾಪಿನ ಮುಂದೆ ಆಸ್ಪತ್ರೆಯಿದೆ, ಎಲ್ಲಿ ಏರು ರಸ್ತೆ, ಎಲ್ಲಿ ರಾತ್ರಿ ಬೀದಿದೀಪ ಉರಿಯುವುದಿಲ್ಲ, ಎಲ್ಲಿ ರಸ್ತೆ ದಾಟಲು ಆಗುವುದೇ ಇಲ್ಲ ಎಂಬುದು ನಡೆದಾಡುವವರಿಗೆ ಮಾತ್ರ ಗೊತ್ತು. ತೆಗೆಯಬಹುದಾದ ಸ್ಟಾಪುಗಳ ಜೊತೆಗೆ ಯಾವ ಕಾರಣಕ್ಕೂ ಮುಟ್ಟಬಾರದ ಸ್ಟಾಪುಗಳ ಪಟ್ಟಿಯನ್ನೂ ಸಮಿತಿಯೇ ಕೊಡಬೇಕು. ಹತ್ತುವ ಹೊತ್ತನ್ನು ಉಳಿಸುವ ಇನ್ನೊಂದು ದಾರಿಯೂ ಇದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2012ರ ಜುಲೈನಿಂದ ಎಲ್ಲ ಬಾಗಿಲುಗಳಿಂದಲೂ ಹತ್ತಲು ಬಿಟ್ಟರು. ಟಿಕೆಟ್ ತಪಾಸಣೆಯ ಏರ್ಪಾಡು ಗಟ್ಟಿಯಿರುವ ಕಡೆ ಇದನ್ನು ಕೇಳಬಹುದು.

ಹೆಚ್ಚುವರಿ ಟ್ರಿಪ್ ಕೇಳುವುದಾದರೆ ಹೊತ್ತನ್ನು ಆರಿಸಿ ಕೇಳಿ. ಬೆಳಗಿನ ಮತ್ತು ಸಂಜೆಯ ರಶ್ ಹೊತ್ತಿನಲ್ಲಿ ಎಲ್ಲ ಬಸ್ಸೂ ರಸ್ತೆಯಲ್ಲಿರುತ್ತವೆ, ಆಗ ಇನ್ನೊಂದು ಟ್ರಿಪ್ ಎಂದರೆ ಇನ್ನೊಂದು ವಾಹನವೇ. ಮಧ್ಯಾಹ್ನ ಮತ್ತು ರಾತ್ರಿ ಬಸ್ಸು ಡಿಪೊದಲ್ಲಿ ನಿಂತಿರುತ್ತದೆ. ಬೇಕಾಗುವುದು ಇಂಧನ ಮತ್ತು ಸಿಬ್ಬಂದಿಯ ದುಡಿಮೆಯ ಗಂಟೆ. ರಾತ್ರಿಯ ಕೊನೇ ಬಸ್ಸನ್ನು ಒಂದು ಗಂಟೆ ಮುಂದಕ್ಕೆ ಹಾಕಿದರೆ ಅದಕ್ಕಿಂತ ಮುಂಚಿನ ಬಸ್ಸುಗಳಿಗೂ ಜನ ಬರುತ್ತಾರೆ, ಏಕೆಂದರೆ ಹೊರಡುವಾಗಲೇ ‘ತಪ್ಪಿದರೆ ಇನ್ನೊಂದಿದೆ’ ಎಂಬ ಧೈರ್ಯವಿರುತ್ತದೆ. ಕೊನೇ ಬಸ್ಸಿನಲ್ಲಿ ಆರೇ ಜನ ಎಂದು ಅದನ್ನು ಕಿತ್ತುಹಾಕುವವರು ಈ ಧೈರ್ಯವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೈಲಿಗೋ ಇನ್ನೊಂದು ಮಾರ್ಗದ ಬಸ್ಸಿಗೋ ಬದಲಿಸುವವರಿದ್ದರೆ ಯಾವುದರಿಂದ ಯಾವುದಕ್ಕೆ, ನಡೆಯಲು ಎಷ್ಟು ನಿಮಿಷ ಎಂದು ಬರೆದುಕೊಡಿ. ನಾಲ್ಕು ನಿಮಿಷ ಸರಿಸಿದರೆ ಕೂಡುವ ಜೋಡಿಗಳು ವೇಳಾಪಟ್ಟಿಯಲ್ಲಿ ಬೇಕಾದಷ್ಟಿರುತ್ತವೆ.

ಸಮಿತಿಯ ಬಗ್ಗೆ. ಅದರಲ್ಲಿ ಬಸ್ ಹತ್ತುವವರೇ ಇರಬೇಕು: ರಾತ್ರಿ ಪಾಳಿಯವರು, ಮಕ್ಕಳನ್ನು ಶಾಲೆಗೆ ಬಿಟ್ಟು ಅಲ್ಲಿಂದ ಕೆಲಸಕ್ಕೆ ಹೋಗುವ ಹೆಂಗಸರು, ವಿದ್ಯಾರ್ಥಿಗಳು, ಕಣ್ಣು ಕಾಣದವರು, ಗಾಲಿಕುರ್ಚಿ ಬಳಸುವವರು. ಜೊತೆಗೆ ಒಬ್ಬ ಚಾಲಕ, ಒಬ್ಬ ನಿರ್ವಾಹಕ, ವೇಳಾಪಟ್ಟಿ ಹಾಕುವ ವ್ಯಕ್ತಿ. ಇವರಿಲ್ಲದೆ ಮೇಲಧಿಕಾರಿಗಳ ಮುಂದೆ ಮಾತ್ರ ಮಾತಾಡಿದರೆ ಭರವಸೆ ಸಿಗುತ್ತದೆ, ಬದಲಾವಣೆ ಸಿಗುವುದಿಲ್ಲ. ಸಭೆಯ ಜಾಗಕ್ಕೆ ಬಸ್ಸಿನಲ್ಲೇ ಬಂದು, ಸಭೆ ಮುಗಿಸಿ ಬಸ್ಸಿನಲ್ಲೇ ವಾಪಸು ಹೋಗಲು ಸಾಧ್ಯವಿರಬೇಕು. ಇಷ್ಟು ಚಿಕ್ಕದನ್ನು ಮರೆತ ಸಭೆಗೆ ಬರುವವರೆಲ್ಲ ಸ್ವಂತ ವಾಹನದವರೇ ಆಗಿರುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಸಭೆ ಕರೆಯುವ ಹೊತ್ತು. ಹೊಸ ವೇಳಾಪಟ್ಟಿ ಜಾರಿಗೆ ಬರುವ ಎಷ್ಟೋ ವಾರ ಮುಂಚೆಯೇ ಬಸ್ಸುಗಳ ಹಂಚಿಕೆ, ಅದರ ಮೇಲೆ ಸಿಬ್ಬಂದಿಯ ಡ್ಯೂಟಿ ಚಾರ್ಟ್ ಸಿದ್ಧವಾಗಿರುತ್ತದೆ. ಆಮೇಲೆ ಒಂದು ಟ್ರಿಪ್ ಸರಿಸಿದರೂ ಹತ್ತು ಡ್ಯೂಟಿ ಕದಲುತ್ತವೆ, ಆದ್ದರಿಂದ ಯಾರೂ ಸರಿಸುವುದಿಲ್ಲ. ಚಾರ್ಟ್ ಹಾಕುವ ಮೊದಲು ಕರಡನ್ನು ಸಮಿತಿಗೆ ಕೊಡಬೇಕು. ಪ್ರತಿ ಮಾರ್ಗಕ್ಕೆ ಓಡುವ ಸಮಯ ಎಷ್ಟು ಹಿಡಿದಿದ್ದಾರೆ, ತುದಿ ನಿಲುಗಡೆ ಎಷ್ಟು, ಬಸ್ ಎಷ್ಟು ಎಂಬ ಮೂರು ಅಂಕಿ ಅದರಲ್ಲಿರಬೇಕು. ಇದು ಗುಟ್ಟಿನ ವಿಷಯವಲ್ಲ. ಅಮೆರಿಕದ ಪೋರ್ಟ್‌ಲ್ಯಾಂಡಿನ ಟ್ರೈಮೆಟ್ ಸಂಸ್ಥೆ ಮತ್ತು ಗೂಗಲ್ 2005ರಲ್ಲಿ ಆರಂಭಿಸಿದ, ವೇಳಾಪಟ್ಟಿಯನ್ನು ಕಂಪ್ಯೂಟರ್ ಓದುವಂತೆ ಬರೆದಿಡುವ ಜಿಟಿಎಫ್ಎಸ್ ಎಂಬ ಮಾದರಿಯಲ್ಲಿ ಇಂದು ಜಗತ್ತಿನ ಎಷ್ಟೋ ಊರುಗಳು ತಮ್ಮ ಪೂರ್ತಿ ವೇಳಾಪಟ್ಟಿಯನ್ನು ಸಾರ್ವಜನಿಕರಿಗೆ ತೆರೆದಿಟ್ಟಿವೆ.

ಕೊನೆಯದಾಗಿ, ಬಂದ ಪ್ರತಿ ಸಲಹೆಗೂ ಒಂದು ಕ್ರಮಸಂಖ್ಯೆ ಕೊಟ್ಟು ಪುಸ್ತಕದಲ್ಲಿ ಬರೆದಿಡಬೇಕು. ಒಪ್ಪಿದ್ದೇವೆಯೇ, ಇಲ್ಲವೇ, ಇಲ್ಲವೆಂದರೆ ಏಕೆ, ಒಪ್ಪಿದ್ದರೆ ಯಾವ ತಾರೀಖಿನಿಂದ, ಯಾರ ಜವಾಬ್ದಾರಿ ಎಂದು ಅದೇ ಸಾಲಿನಲ್ಲಿ ಬರೆಯಬೇಕು. ಮುಂದಿನ ಸಭೆ ಆ ಪುಸ್ತಕವನ್ನು ಓದುವುದರಿಂದಲೇ ಶುರುವಾಗಬೇಕು. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರವನ್ನು ಒಂದು ಸಲಹೆಗೆ ಒಂದೇ ಸಲ ಬರೆಯಲು ಅವಕಾಶವಿರಲಿ.

ಇಂತಿ,
ನಿತ್ಯ ಬಸ್ ಪ್ರಯಾಣಿಕರು